ಮೇಷ್ಟ್ರ ನಾಯಿಗೆ ಕಟ್ಟಿದ ಬೇಲಿ

"ಈ ನಾಯಿಗಿರೋ ಬುದ್ಧಿಯಲ್ಲಿ ಕಾಲು ಭಾಗ ನಿನಗಿದ್ದಿದ್ರೆ ಒಂಬತ್ತನೇ ಕ್ಲಾಸಾದ್ರೂ ದಾಟ್ತಿದ್ದೆಯಲ್ಲೋ ಯುವರಾಜ."

ಜನಾರ್ದನ ಮೇಷ್ಟ್ರು ಈ ಮಾತು ಹೇಳಿದ್ದು ಗೇಟಿನ ಮುಂದೆ, ತುಂಬಿದ ಸಭೆಯಲ್ಲಿ. ಪಕ್ಕದ ಮನೆಯ ಶಾಂತಮ್ಮ, ಎದುರುಮನೆಯ ಲಗೇಜ್ ಆಟೋ ಓಬಯ್ಯ, ಹಾಲಿನವನು, ನೀರಿನ ಪೈಪು ರಿಪೇರಿಗೆ ಬಂದ ಇಬ್ಬರು, ಮೇಷ್ಟ್ರ ಮಗಳು ಡಾಕ್ಟರ್ ದೀಪಶ್ರೀ, ಕೊನೆಗೆ ನಾಯಿ. ನಾಯಿಯೊಂದು ಮಾತ್ರ ಮುಖ ಆಚೆ ತಿರುಗಿಸಿಕೊಂಡಿತ್ತು. ಉಳಿದವರೆಲ್ಲ ನಕ್ಕರು. ಪೈಪಿನವರಂತೂ ಕೆಲಸ ನಿಲ್ಲಿಸಿ ನಕ್ಕರು.

ಕಾರಣ ಶಾಂತಮ್ಮನ ಕೈಯಲ್ಲಿತ್ತು. ಹಿಂದಿನ ದಿನ ಅಂಗಳದಲ್ಲಿ ಪ್ಲಾಸ್ಟಿಕ್ ಹಾಳೆ ಹಾಸಿ ಅಕ್ಕಿ ಸಂಡಿಗೆ ಒಣಗಲು ಇಟ್ಟಿದ್ದರಂತೆ. ಮೇಷ್ಟ್ರ ನಾಯಿ ಬೇಲಿ ನುಸುಳಿ ಬಂದು ಅದರ ಮೇಲೆ ಆ ತುದಿಯಿಂದ ಈ ತುದಿಗೆ ನಿಧಾನವಾಗಿ ನಡೆದು ಹೋಗಿತ್ತು. ಒಂದೊಂದು ಸಂಡಿಗೆಯ ಮೇಲೂ ಸರ್ಕಾರಿ ಕಚೇರಿಯಲ್ಲಿ ಮೊಹರು ಒತ್ತಿದ ಹಾಗೆ ಪಾದದ ಗುರುತು. ಆ ಹಾಳೆಯನ್ನು ಶಾಂತಮ್ಮ ಬೆಳಿಗ್ಗೆ ಸಾಕ್ಷಿಗೆಂದು ಹೊತ್ತು ತಂದಿದ್ದರು.

ಸಂಸ್ಕೃತ ಓದಿದ ಮೇಷ್ಟ್ರು ನಾಯಿಗೆ ಸಾರಮೇಯ ಎಂದು ಹೆಸರಿಟ್ಟಿದ್ದರು. ಸಂಸ್ಕೃತದಲ್ಲಿ ಅದಕ್ಕೂ ನಾಯಿ ಎಂದೇ ಅರ್ಥ. ಅಷ್ಟುದ್ದದ ಹೆಸರು ಕರೆದು ಮುಗಿಯುವಷ್ಟರಲ್ಲಿ ನಾಯಿ ಬೇಲಿ ದಾಟಿರುತ್ತಿದ್ದುದರಿಂದ ಉಳಿದವರು ಅದನ್ನು ಸಾರು ಎಂದು ಮೊಟಕು ಮಾಡಿಕೊಂಡಿದ್ದರು. ಜಾಗವೂ ತಪ್ಪಿಸಿಕೊಳ್ಳುವ ನಾಯಿಗೆ ಹೇಳಿಮಾಡಿಸಿದಂತಿತ್ತು. ಶಿವಮೊಗ್ಗದ ಹೊರಗಿನ ಸೋಗಾನೆಯಲ್ಲಿ ವಿಮಾನ ಇಳಿಯುವುದಕ್ಕೆ ಎಷ್ಟೋ ಮೊದಲು ಕೊಂಡ ಆರು ಎಕರೆ. ನಡುವೆ ಮನೆ, ಸುತ್ತ ಸಪೋಟ, ಪೇರಲೆ, ಬೆಟ್ಟದ ನೆಲ್ಲಿ. ಮುಂದೊಂದು ಕಾಂಪೌಂಡು ಗೋಡೆ, ಉಳಿದ ಮೂರು ಕಡೆ ತಂತಿಬೇಲಿ. ಮನುಷ್ಯರಿಗೆ ಅದು ಬೇಲಿ. ನಾಯಿಗೆ ಅದು ಸಾಲಾಗಿ ತೆರೆದಿಟ್ಟ ಬಾಗಿಲು.

ವಾರಕ್ಕೊಮ್ಮೆ ಸಾರು ಮಾಯವಾಗುತ್ತಿತ್ತು. ವಾರಕ್ಕೊಮ್ಮೆ ಮೇಷ್ಟ್ರು ಕೊಡೆ ಹಿಡಿದು ಓಬಯ್ಯನ ಆಟೋ ಹತ್ತಿ ಶಿವಮೊಗ್ಗದ ಕಡೆ ಹುಡುಕಲು ಹೊರಡುತ್ತಿದ್ದರು. ಸಂಜೆ ಬೆವರು ಒರೆಸಿಕೊಳ್ಳುತ್ತ ನಾಯಿಯೊಂದಿಗೆ ಇಳಿದು, "ದುರ್ಗಿಗುಡಿಯಲ್ಲಿ ಸಿಕ್ತು" ಅನ್ನುತ್ತಿದ್ದರು. ಈ ವಯಸ್ಸಿನಲ್ಲಿ, ಮೈಯಲ್ಲಿ ಸಕ್ಕರೆ ಕಾಯಿಲೆ ಇಟ್ಟುಕೊಂಡು, ಒಂದು ಮೂಕಪ್ರಾಣಿಗಾಗಿ ಇಷ್ಟು ಅಲೆಯುವ ಪುಣ್ಯಾತ್ಮರನ್ನು ನೋಡಿಲ್ಲ ಎಂದು ಶಾಂತಮ್ಮ ಸೆರಗಿನಲ್ಲಿ ಕಣ್ಣೊತ್ತಿಕೊಳ್ಳುತ್ತಿದ್ದರು. ಪುಣ್ಯವೆಲ್ಲ ಮೇಷ್ಟ್ರಿಗೆ ಹೋದಮೇಲೆ ಉಳಿದ ಬೈಗುಳ ತೋಟ ಕಾಯುವ ಯುವರಾಜನ ಪಾಲಿಗೆ.

ಬೇರೆ ಯಾರಾದರೂ ಅಂದಿದ್ದರೆ ಯುವರಾಜ ಸುಮ್ಮನಿರುವ ಆಳಲ್ಲ. ಭದ್ರಾವತಿಯ ವರ್ಕ್‌ಶಾಪೊಂದರಲ್ಲಿ ಮೇಸ್ತ್ರಿ ಹೆಬ್ಬೆಟ್ಟು ಎಂದು ಆಡಿಕೊಂಡದ್ದಕ್ಕೆ ಸ್ಪ್ಯಾನರ್ ಬೀಸಿದವನು. ಸ್ಪ್ಯಾನರ್ ಮೇಸ್ತ್ರಿಯನ್ನು ಬಿಟ್ಟು ಮಾಲೀಕನ ಕಾರಿನ ಗಾಜನ್ನು ಹುಡುಕಿಕೊಂಡು ಹೋಯಿತು. ಆಮೇಲೆ ಊರಿನ ಯಾವ ವರ್ಕ್‌ಶಾಪಿನವರೂ ಅವನನ್ನು ಬಾಗಿಲ ಹತ್ತಿರ ಸೇರಿಸಲಿಲ್ಲ. ಆಗ ಕರೆದು ಕೆಲಸ ಕೊಟ್ಟು, ತೋಟದ ಮೂಲೆಯಲ್ಲಿ ಒಂದು ಕೋಣೆ ಕೊಟ್ಟವರು ಈ ಮೇಷ್ಟ್ರು. ಅವನ ತಾಯಿ ದುರ್ಗಮ್ಮ ಭದ್ರಾವತಿಯ ಶಾಲೆಯಲ್ಲಿ ಬಿಸಿಯೂಟ ಬೇಯಿಸುತ್ತಿದ್ದಾಗ ಅಲ್ಲಿ ಹೆಡ್‌ಮಾಸ್ತರಾಗಿದ್ದವರು. ಹಾಗಾಗಿ ಇವರ ಮುಂದೆ ಮಾತ್ರ ಯುವರಾಜನ ಸಿಟ್ಟು ಹಾಲಿನ ಹಾಗೆ ಅಂಚಿನ ತನಕ ಉಕ್ಕಿ, ಯಾರೋ ಒಲೆ ಆರಿಸಿದಂತೆ ತಾನಾಗಿ ಇಳಿಯುತ್ತಿತ್ತು. ಅವತ್ತೂ ಇಳಿಯಿತು. ಆದರೆ ಪಾತ್ರೆ ಸುಟ್ಟ ವಾಸನೆ ಮಾತ್ರ ಅವನಿಗೆ ಬರುತ್ತಲೇ ಇತ್ತು.

ಸಭೆ ಚದುರಿದ ಮೇಲೆ ದೀಪಶ್ರೀ ಅವನನ್ನು ಕಾರಿನ ಹತ್ತಿರ ಕರೆದರು. ವಿನೋಬನಗರದ ಕ್ಲಿನಿಕ್ಕಿಗೆ ಹೊರಟಿದ್ದರು. ಅವರದು ಬೈಯುವ ದನಿಯಲ್ಲ. ಇಂಜೆಕ್ಷನ್ ಚುಚ್ಚುವ ಮುಂಚೆ 'ಏನೂ ಆಗಲ್ಲ' ಅನ್ನುವಾಗಿನ ದನಿ.

"ಸಂಜೆ ನಾನು ಬರೋ ಹೊತ್ತಿಗೆ ನಾಯಿ ಒಳಗಿದ್ರೆ ನೀನೂ ಇರ್ತೀಯ. ಇಲ್ಲಾಂದ್ರೆ ನಾಳೆಯಿಂದ ಸೆಕ್ಯುರಿಟಿ ಏಜೆನ್ಸಿಯವರು ಬರ್ತಾರೆ. ಅಪ್ಪನ್ನ ಹೀಗೆ ಬಿಸಿಲಲ್ಲಿ ಅಲೆಸೋಕೆ ನನ್ನಿಂದ ಆಗಲ್ಲ ಯುವರಾಜ. ಈ ಮಾತು ಅಪ್ಪನಿಗೆ ಹೇಳ್ಬೇಡ, ಬೀಪಿ ಏರುತ್ತೆ."

ಕಾರು ಹೋಯಿತು. ಯುವರಾಜ ನಾಯಿಯನ್ನು ನೋಡಿದ. ನಾಯಿ ಬೇಲಿಯನ್ನು ನೋಡುತ್ತಿತ್ತು. ಕೆಲಸ ಹೋದರೆ ಭದ್ರಾವತಿಗೆ ಹೋಗಿ ತಾಯಿಗೆ ಮುಖ ತೋರಿಸಬೇಕು. ದುರ್ಗಮ್ಮ ಬೀದಿಯವರಿಗೆಲ್ಲ ಮಗ ಸೋಗಾನೆಯಲ್ಲಿ ಮ್ಯಾನೇಜರ್ ಎಂದು ಹೇಳಿಟ್ಟಿದ್ದಳು.

ಕಟ್ಟಿಹಾಕಿದರೆ ಮುಗಿಯಿತಲ್ಲ ಎಂದು ಯಾರಿಗಾದರೂ ಅನ್ನಿಸೀತು. ಯುವರಾಜನೂ ಕಟ್ಟಿದ. ಸಾರು ಎಂಥ ದನಿ ತೆಗೆಯಿತೆಂದರೆ, ಮೇಷ್ಟ್ರು ಜಪ ಬಿಟ್ಟು ಓಡಿಬಂದು, ಸರಪಳಿ ಬಿಚ್ಚಿ, ಕಟ್ಟಿಹಾಕಿದ ಪ್ರಾಣಿಯ ಶಾಪದ ಬಗ್ಗೆ ಒಂದು ಶ್ಲೋಕವನ್ನೂ ಅದರ ತಾತ್ಪರ್ಯವನ್ನೂ ಹೇಳಿ ಒಳಗೆ ಹೋದರು.

ಅಷ್ಟರಲ್ಲಿ ಸಲಹೆಗಾರರು ಬಂದರು. ಸಲಹೆ ಕೊಡುವುದಕ್ಕೆ ಬರುವವರು ಬೇಲಿ ಗೇಟು ನೋಡುವುದಿಲ್ಲ, ನಾಯಿಯ ಹಾಗೇ ಸಿಕ್ಕ ಕಡೆ ನುಸುಳಿ ಬರುತ್ತಾರೆ. ಮೊದಲು ಓಬಯ್ಯ. ಮನೆಗೆ ತಂದ ನಾಯಿ ಬೆಕ್ಕುಗಳನ್ನು ಒರಳುಕಲ್ಲಿನ ಸುತ್ತ ಮೂರು ಸುತ್ತು ಹಾಕಿಸಬೇಕಂತೆ, ಹಾಕಿಸಿದರೆ ಆ ಮನೆಯ ಋಣ ಅಂಟಿ ಹೊಸ್ತಿಲು ದಾಟುವುದಿಲ್ಲವಂತೆ. ಸಾರುವಿಗೆ ಆ ಶಾಸ್ತ್ರ ಆಗಿಲ್ಲ, ತಪ್ಪು ಅಲ್ಲೇ ಆಗಿದೆ ಎಂದ.

"ಈ ಮನೇಲಿ ಒರಳುಕಲ್ಲು ಎಲ್ಲಿದೆ ಓಬಯ್ಯಣ್ಣ? ಗ್ರೈಂಡರ್ ಇದೆ ಅಷ್ಟೇ."

"ಅದ್ರೊಳಗಿರೋದೂ ಕಲ್ಲೇ ಅಲ್ವನೋ ಮಾರಾಯ. ದೇವ್ರು ಕರೆಂಟು ಕೇಳ್ತಾನಾ?"

ಬೇರೆ ದಿನವಾಗಿದ್ದರೆ ಯುವರಾಜ ನಗುತ್ತಿದ್ದ. ಅವತ್ತು ನಾಯಿಗೆ ಹಗ್ಗ ಹಾಕಿ ಹಿಡಿದುಕೊಂಡು ಅಡುಗೆಮನೆಗೆ ನಡೆದ. ಗ್ರೈಂಡರು ಮೂಲೆಯಲ್ಲಿತ್ತು, ಅದರಲ್ಲಿ ದೀಪಶ್ರೀ ಬೆಳಿಗ್ಗೆ ರುಬ್ಬಿಟ್ಟ ನವಣೆ ಹಿಟ್ಟು. ಸುತ್ತು ಬರಲೆಂದು ಅದನ್ನು ನಡುವೆ ಎಳೆದ. ಒಂದು ಸುತ್ತು ಆಯಿತು. ಎರಡನೆಯದರಲ್ಲಿ ಹಗ್ಗ ಗ್ರೈಂಡರಿಗೆ ಸುತ್ತಿಕೊಂಡಿತು. ಮೂರನೆಯದಕ್ಕೆ ಸಾರು ಬೆಕ್ಕು ಕಂಡಂತೆ ಎಗರಿತು. ಗ್ರೈಂಡರು ಮಲಗಿತು, ಹಿಟ್ಟು ನೆಲದ ಮೇಲೆ ಭೂಪಟ ಬರೆಯುತ್ತ ಫ್ರಿಜ್ಜಿನ ಕೆಳಗೆ ಹರಿಯಿತು. ನಾಯಿ ಬಗ್ಗಿ ಹಿಟ್ಟನ್ನು ಮೂಸಿತು. ಮತ್ತೊಮ್ಮೆ ಮೂಸಿತು. ನಾಲಿಗೆ ತಾಗಿಸದೆ ಹೊರಟುಹೋಯಿತು.

"ನೋಡು, ಜ್ಞಾನಿ," ಎಂದರು ಬಾಗಿಲಲ್ಲಿ ನಿಂತಿದ್ದ ಮೇಷ್ಟ್ರು. ಅವರ ದನಿಯಲ್ಲಿ ಸಿಟ್ಟಿಗಿಂತ ಹೊಟ್ಟೆಕಿಚ್ಚು ಹೆಚ್ಚಿತ್ತು. ದಿನವೂ ಅದೇ ಹಿಟ್ಟಿನ ದೋಸೆ ತಿನ್ನುವವರು ಅವರು.

ಎರಡನೆಯ ಸಲಹೆ ಶಾಂತಮ್ಮನದು. ಸಂಡಿಗೆಯ ದುಃಖ ಬದಿಗಿಟ್ಟು ಬಂದಿದ್ದರು, ಅದು ಅವರ ದೊಡ್ಡ ಗುಣ. ಬೀದಿನಾಯಿಗಳು ಗೇಟಿನ ಹತ್ತಿರ ಬಾರದಿರಲೆಂದು ಬಾಟಲಿಯಲ್ಲಿ ಕೆಂಪು ನೀರು ತುಂಬಿಡುತ್ತಾರಲ್ಲ, ಆಚೆಯ ನಾಯಿ ಒಳಗೆ ಬಾರದಿದ್ದರೆ ಒಳಗಿನ ನಾಯಿ ಆಚೆ ಹೇಗೆ ಹೋದೀತು ಎಂಬುದು ಅವರ ತರ್ಕ. ಕುಂಕುಮ ಅವರೇ ಕೊಟ್ಟರು. ಆಟೋದ ತುಂಬ ಹಳೇ ಬಾಟಲಿ ಓಬಯ್ಯ ಕೊಟ್ಟ. ಬೇಲಿಯ ಹಿಂದಿನ ತುದಿಯಿಂದ ಶುರು ಮಾಡು, ಅದೇ ಸರಿ ಎಂದು ಒತ್ತಿ ಹೇಳಿದವನೂ ಅವನೇ.

ಯುವರಾಜ ಕುಂಕುಮ ಕದಡಿ ಕದಡಿ ಬೇಲಿಯುದ್ದಕ್ಕೂ ಬಾಟಲಿ ಇಡುತ್ತ ಹೋದ. ಕೈ ಮೊಣಕೈ ತನಕ ಕೆಂಪಾಯಿತು, ಬೆವರೊರೆಸಿಕೊಂಡ ಹಣೆ ಕೆಂಪಾಯಿತು. ರಸ್ತೆಯಲ್ಲಿ ಹೋಗುತ್ತಿದ್ದ ಏರ್‌ಪೋರ್ಟ್ ಟ್ಯಾಕ್ಸಿಯೊಂದು ನಿಧಾನವಾಯಿತು. ಡ್ರೈವರು ಬಾಟಲಿಗಳನ್ನೂ ಯುವರಾಜನ ಹಣೆಯನ್ನೂ ನೋಡಿ, ಚಪ್ಪಲಿ ಕಳಚಿ ಇಳಿದು ಕೈಮುಗಿದ. ಹಿಂದೆ ಕೂತಿದ್ದ ಹೆಂಗಸು ಇದು ಯಾವ ಅಮ್ಮನವರ ಜಾಗ, ವಾರದಲ್ಲಿ ಯಾವ ದಿನ ಹೇಳಿಕೆ ಎಂದು ಕೇಳಿದರು. ಯುವರಾಜ ಹಲ್ಲು ಕಡಿದು, ಇಲ್ಲಿ ಅಮ್ಮನೂ ಇಲ್ಲ ಅಪ್ಪನೂ ಇಲ್ಲ, ನಾಯಿ ಇದೆ ಎಂದ. ಭೈರವ, ಭೈರವ ಎಂದು ಅವರು ಮತ್ತೊಮ್ಮೆ ಕೈಮುಗಿದು ಹೊರಟರು.

ಕೊನೆಯ ಬಾಟಲಿ ಇಟ್ಟು ಮನೆಯ ಹತ್ತಿರ ಬಂದಾಗ ಅಂಗಳ ಖಾಲಿ. ಹಗ್ಗ ಇತ್ತು, ನಾಯಿ ಇರಲಿಲ್ಲ.

ಮೇಷ್ಟ್ರು ಆಗಲೇ ಇಸ್ತ್ರಿ ಅಂಗಿ ಹಾಕಿ, ಕೊಡೆ ಹಿಡಿದು ಗೇಟಿನಲ್ಲಿ ನಿಂತಿದ್ದರು. ಓಬಯ್ಯನ ಆಟೋ ಗುರುಗುಡುತ್ತಿತ್ತು. "ಹೋಯ್ತಾ? ಛೆ. ನೀನು ಇಲ್ಲೇ ಇರು, ನಾನು ದುರ್ಗಿಗುಡಿ ಕಡೆ ನೋಡ್ಕೊಂಡು ಬರ್ತೀನಿ" ಎಂದು ಹತ್ತಿದರು. ಆಟೋ ಧೂಳೆಬ್ಬಿಸಿ ಹೋಯಿತು.

ಇಲ್ಲೇ ಇದ್ದು ಮಾಡುವುದೇನು? ಯುವರಾಜ ಮನೆಯ ಹಳೇ ಮೊಪೆಡ್ ತೆಗೆದು ತಾನೂ ಶಿವಮೊಗ್ಗಕ್ಕೆ ಬಿಟ್ಟ. ದುರ್ಗಿಗುಡಿಯ ಒಂದೊಂದು ಅಂಗಡಿಯ ಮುಂದೂ ನಿಲ್ಲಿಸಿ, ಕಂದು ಬಣ್ಣ, ಒಂದು ಕಿವಿ ಮಡಚಿದೆ, ಗಂಭೀರವಾಗಿ ನಡೆಯುತ್ತೆ ಎಂದು ವರ್ಣಿಸಿದ. ಕುಂಕುಮ ಬಳಿದ ಮುಖ ನೋಡಿ ಅರ್ಧ ಜನ ಉತ್ತರ ಕೊಡಲಿಲ್ಲ. ಅಂಥ ನಾಯಿಯನ್ನು ಯಾರೂ ಕಂಡಿರಲಿಲ್ಲ. ಇವತ್ತಲ್ಲ, ಯಾವತ್ತೂ ಕಂಡಿರಲಿಲ್ಲ. ಮೂಲೆಯಲ್ಲಿ ಹೂ ಕಟ್ಟುತ್ತಿದ್ದ ಅಜ್ಜಿ ಅವನ ಕತೆಯನ್ನೆಲ್ಲ ಕೇಳಿ, ದಾರವನ್ನು ಹಲ್ಲಲ್ಲಿ ಕಚ್ಚಿಕೊಂಡೇ ಹೇಳಿದಳು:

"ಸೋಗಾನೆಯಿಂದ ಇಲ್ಲೀ ತಂಕ ನಾಯಿ ವಾರವಾರ ಬರುತ್ತಾ? ಬಸ್ ಪಾಸ್ ಮಾಡ್ಸಿದೀರಾ ಅದಕ್ಕೆ?"

ಇಷ್ಟು ಸರಳ ಮಾತು ಇಷ್ಟು ದಿನ ಯಾರಿಗೂ ಹೊಳೆದಿರಲಿಲ್ಲ. ಮೇಷ್ಟ್ರು ಹೇಳಿದ್ದನ್ನು ಅನುಮಾನಿಸುವ ಅಭ್ಯಾಸ ಆ ಮನೆಯಲ್ಲಿ ಯಾರಿಗೂ ಇರಲಿಲ್ಲ. ಯುವರಾಜ ಫೋನ್ ಮಾಡಿದ. ಮೇಷ್ಟ್ರ ಫೋನು ಆಫ್. ಮಧ್ಯಾಹ್ನ ಜಾರತೊಡಗಿತ್ತು. ನಾಯಿ ಹೋಯಿತು, ಕೆಲಸವೂ ಹೋಯಿತು. ಬೇರೆಯವರ ಬಾಯಿಂದ ಕೇಳುವ ಮೊದಲು ಅವ್ವನಿಗೆ ತಾನೇ ಹೇಳಿಬಿಡೋಣ ಎಂದು ಮೊಪೆಡ್ಡನ್ನು ಭದ್ರಾವತಿಯ ಕಡೆ ತಿರುಗಿಸಿದ.

ಕಾರ್ಖಾನೆಯ ಹಳೇ ಕ್ವಾರ್ಟರ್ಸ್ ಹಿಂದಿನ ಬೀದಿಯಲ್ಲಿ ದುರ್ಗಮ್ಮನ ಮನೆ. ಮನೆಯ ಮುಂದೆ ಒಂದು ಲಗೇಜ್ ಆಟೋ ನಿಂತಿತ್ತು. ಯುವರಾಜ ಅದರ ನಂಬರು ಓದಿದ. ಇನ್ನೊಮ್ಮೆ ಓದಿದ. ಟಾರ್ಪಾಲಿನ ಒಳಬದಿಗೆ ಕಂದು ಕೂದಲು ಅಂಟಿತ್ತು.

ಒಳಗೆ ಬಾಗಿಲ ಪಕ್ಕದಲ್ಲಿ ಸಾರು ಹೊಟ್ಟೆ ಮೇಲೆ ಮಾಡಿ ಮಲಗಿತ್ತು. ಓಬಯ್ಯ ಗೋಡೆಗೊರಗಿ ಬೆಲ್ಟು ಸಡಿಲಿಸಿಕೊಂಡಿದ್ದ. ನಡುಮನೆಯಲ್ಲಿ ಮಣೆಯ ಮೇಲೆ ಜನಾರ್ದನ ಮೇಷ್ಟ್ರು. ಅವರ ಮುಂದಿನ ಸ್ಟೀಲ್ ತಟ್ಟೆಯಲ್ಲಿ ಮಗಳು ಮನೆಯೊಳಗೇ ಸೇರಿಸದ ಬಿಳಿ ಅನ್ನದ ರಾಶಿ, ಅದರ ಮೇಲೆ ನುಗ್ಗೆಕಾಯಿ ಸಾಂಬಾರು. ಅವರು ಕಣ್ಣು ಮುಚ್ಚಿ ನುಗ್ಗೆಕಾಯಿ ಚೀಪುತ್ತಿದ್ದರು. ಜಪದಲ್ಲೂ ಅವರ ಮುಖದಲ್ಲಿ ಅಷ್ಟು ಶಾಂತಿ ಯುವರಾಜ ನೋಡಿರಲಿಲ್ಲ.

"ಬಾ ಮಗಾ, ಕೈ ತೊಳ್ಕೋ," ಎಂದಳು ದುರ್ಗಮ್ಮ, ಮಗ ದಿನವೂ ಆ ಹೊತ್ತಿಗೆ ಬರುವವನಂತೆ.

ಮೇಷ್ಟ್ರು ಕಣ್ಣು ತೆರೆದರು. ಕಾಪಿ ಹೊಡೆಯುವಾಗ ಸಿಕ್ಕಿಬಿದ್ದ ಹುಡುಗನ ಮುಖವನ್ನು ಅವರು ವೃತ್ತಿಯಲ್ಲಿ ಸಾವಿರ ಸಲ ನೋಡಿದ್ದರು, ಹಾಗಾಗಿ ತಮ್ಮ ಮುಖದಲ್ಲೂ ಅದು ಚೆನ್ನಾಗಿ ಬಂತು.

"ಏನ್ ಮಾಡಲೋ. ನನ್ನನ್ನ ಒಬ್ಬನ್ನೇ ಗೇಟಿನಿಂದಾಚೆ ಬಿಡೋದಿಲ್ಲ ದೀಪಾ. ನಾಯಿ ಕಳೆದುಹೋದ್ರೆ ಮಾತ್ರ ಬಿಡ್ತಾಳೆ."

"ಅದಕ್ಕೆ ಬೆಳಿಗ್ಗೆ ಎಲ್ಲರ ಮುಂದೆ ನನ್ನ ಮಾನ ಕಳೆದ್ರಾ ಮೇಷ್ಟ್ರೇ?"

"ಬೈಯದೆ ಇದ್ದಿದ್ರೆ ದೀಪಾಗೆ ಅನುಮಾನ ಬರ್ತಿತ್ತಪ್ಪ."

ಯುವರಾಜನ ಕೈ ತಾನಾಗಿಯೇ ಸ್ಪ್ಯಾನರ್ ಹುಡುಕಿತು. ಕೈಗೆ ಸಿಕ್ಕಿದ್ದು ಸೌಟು. ಹಾಲು ಉಕ್ಕಿ ಅಂಚಿಗೆ ಬಂತು, ಈ ಸಲ ಅಂಚನ್ನೂ ದಾಟಿತು. ಬಾಯಿ ತೆರೆದ.

ಆಗ ಮೇಷ್ಟ್ರು ತಟ್ಟೆಯ ಅಂಚಿಗಂಟಿದ್ದ ಒಂದು ಅಗುಳನ್ನು ಬೆರಳಲ್ಲಿ ತೆಗೆದು ಬಾಯಿಗಿಟ್ಟುಕೊಂಡರು. ಆ ಬೆರಳಿನ ರೀತಿ ಯುವರಾಜನಿಗೆ ಗೊತ್ತಿತ್ತು. ಅವನು ಐದನೇ ಕ್ಲಾಸಿನಲ್ಲಿದ್ದಾಗ, ದುರ್ಗಮ್ಮ ಬಿಸಿಯೂಟಕ್ಕೆ ಸೇರಿದ ಹೊಸತರಲ್ಲಿ, ಆ ಹೆಂಗಸು ಮುಟ್ಟಿದ ಅನ್ನ ನಮ್ಮ ಮಕ್ಕಳು ಉಣ್ಣುವುದಿಲ್ಲ ಎಂದು ಕೆಲವರು ಶಾಲೆಯ ಗೇಟಿಗೆ ಬಂದು ನಿಂತಿದ್ದರು. ಮಕ್ಕಳಿಗೆ ಬಡಿಸುವ ಮುಂಚೆ ಮೇಷ್ಟ್ರು ರುಚಿ ನೋಡಬೇಕೆಂಬುದು ನಿಯಮ. ಅದಕ್ಕೆ ಒಂದು ಚಮಚ ಸಾಕು. ಜನಾರ್ದನ ಮೇಷ್ಟ್ರು ಅವತ್ತು ಜಗುಲಿಯಲ್ಲಿ, ಗೇಟಿನಲ್ಲಿದ್ದವರೆಲ್ಲರಿಗೂ ಕಾಣುವ ಹಾಗೆ ಚಕ್ಕಳಮಕ್ಕಳ ಹಾಕಿ ಕೂತು, ತಟ್ಟೆ ತುಂಬ ಹಾಕಿಸಿಕೊಂಡು, ಎರಡನೇ ಸಲ ಕೇಳಿ ಹಾಕಿಸಿಕೊಂಡು, ಕೊನೆಯ ಅಗುಳನ್ನೂ ಹೀಗೇ ಬೆರಳಲ್ಲಿ ತೆಗೆದು ತಿಂದಿದ್ದರು. ಆಮೇಲೆ ನಿವೃತ್ತರಾಗುವ ತನಕ ದಿನವೂ ಹಾಗೇ ಉಂಡಿದ್ದರು. ಗೇಟಿನ ಗುಂಪು ಕರಗಿತ್ತು, ದುರ್ಗಮ್ಮನ ಒಲೆ ಆರಲಿಲ್ಲ, ಯುವರಾಜನ ಹೊಟ್ಟೆಯೂ ಖಾಲಿ ಇರಲಿಲ್ಲ.

ಯುವರಾಜ ಸೌಟನ್ನು ಸಾಂಬಾರಿಗೆ ಅದ್ದಿ, ಮೇಷ್ಟ್ರ ತಟ್ಟೆಗೆ ಬಡಿಸಿದ.

ಆಮೇಲೆ ತಾನೂ ಕೂತು ಉಂಡ. ಬೆಳಗಿನಿಂದ ಏನೂ ತಿಂದಿಲ್ಲವೆಂಬುದು ಆಗ ನೆನಪಾಯಿತು. ಉಣ್ಣುತ್ತ ಡಾಕ್ಟ್ರಮ್ಮನ ಮಾತನ್ನು ಹೇಳಿದ. ಮೇಷ್ಟ್ರ ತುತ್ತು ಅರ್ಧದಲ್ಲೇ ನಿಂತಿತು. ಅವರಿಗೆ ನಿಜಕ್ಕೂ ಗೊತ್ತಿರಲಿಲ್ಲ. ನನ್ನ ನಾಲಿಗೆ ಚಪಲಕ್ಕೆ ನಿನ್ನ ಅನ್ನ ಹೋಗುತ್ತಿತ್ತಲ್ಲೋ ಎಂದು ಕಣ್ಣಲ್ಲಿ ನೀರು ತಂದುಕೊಂಡರು. ನೀವು ಕೊಟ್ಟ ಅನ್ನವೇ ಅಲ್ಲವೇ ಎಂದು ದುರ್ಗಮ್ಮ ಅತ್ತಳು. ನಿನ್ನ ಕೈಯದಲ್ಲವೇ ಎಂದು ಮೇಷ್ಟ್ರು ಅಂದರು. ಋಣ ಒಬ್ಬರ ತಟ್ಟೆಯಿಂದ ಇನ್ನೊಬ್ಬರ ತಟ್ಟೆಗೆ ಹೀಗೆ ಓಡಾಡುವಾಗ, ನಡುವೆ ಓಬಯ್ಯ ಇನ್ನೊಂದು ಸಲ ಅನ್ನ ಹಾಕಿಸಿಕೊಂಡ.

ಮೇಷ್ಟ್ರಿಗೇ ಉಪಾಯ ಹೊಳೆಯಿತು. "ಇವತ್ತು ನಾಯಿ ಸಿಕ್ಕಿದ ಪುಣ್ಯ ನಿನಗಿರಲಿ. ನಾನು ಬರಿಗೈಲಿ ಹೋಗಿ, ದುರ್ಗಿಗುಡಿಯೆಲ್ಲ ಹುಡುಕಿದೆ, ಸಿಗಲಿಲ್ಲ ಅಂತೀನಿ. ಸ್ವಲ್ಪ ಹೊತ್ತು ಬಿಟ್ಟು ನೀನು ಹಿಡ್ಕೊಂಡು ಬಾ, ಅಲ್ಲೇ ಸಿಕ್ತು ಅನ್ನು. ನನಗೇ ಸಿಗದ ನಾಯಿ ನಿನಗೆ ಸಿಕ್ತು ಅಂದ್ರೆ ದೀಪಾ ನಿನ್ನನ್ನ ಬಿಡೋದಿಲ್ಲ."

ಯುವರಾಜ ಅವರ ಕಾಲು ಮುಟ್ಟಿದ. ಜೀವನದಲ್ಲಿ ಮೊದಲ ಸಲ ಯಾರೋ ತಮ್ಮ ಕೀರ್ತಿಯನ್ನು ಬಿಚ್ಚಿ ಅವನ ಹೆಗಲಿಗೆ ಹಾಕಿದ್ದರು.

ಹೊತ್ತು ಮುಳುಗುವ ಮುಂಚೆ ಮೊಪೆಡ್ ಸೋಗಾನೆಯ ಗೇಟು ಮುಟ್ಟಿತು. ಮುಂದಿನ ಕಾಲಿಡುವ ಜಾಗದಲ್ಲಿ ಸಾರು ಮೆರವಣಿಗೆಯ ಮಂತ್ರಿಯಂತೆ ನಿಂತಿತ್ತು. ದೀಪಶ್ರೀಯ ಕಾರು ಆಗಲೇ ಬಂದಿತ್ತು. ಬೆಳಗಿನ ಸಭೆಯವರೆಲ್ಲ ಇದ್ದರು, ಹಾಲಿನವನು ಸಂಜೆಯ ಹಾಲಿಗೆ ಬಂದಿದ್ದ. ಪೈಪಿನವರ ಕೆಲಸ ಇನ್ನೂ ಮುಗಿದಿರಲಿಲ್ಲ.

"ಎಲ್ಲಿ ಸಿಕ್ತೋ?" ಎಂದು ಮೇಷ್ಟ್ರು ಕೈ ಎತ್ತಿದರು.

"ದುರ್ಗಿಗುಡೀಲಿ ಮೇಷ್ಟ್ರೇ. ಹೂವಿನಜ್ಜಿ ಬುಟ್ಟಿ ಹಿಂದೆ ಮಲಗಿತ್ತು. ಸಂದಿಯೆಲ್ಲ ಓಡಿಸ್ಕೊಂಡು ಹೋಗಿ ಹಿಡಿದೆ." ಓಡಿಸಿಕೊಂಡು ಹೋದದ್ದು ಅವನೇ ಸೇರಿಸಿದ್ದು. ಹೇಳುವಾಗ ಅವನಿಗೇ ನಿಜ ಅನ್ನಿಸಿತು.

ಶಾಂತಮ್ಮ ಎರಡೂ ಕೈಯಿಂದ ದೃಷ್ಟಿ ತೆಗೆದರು. ಹಾಲಿನವನು ಬೆನ್ನು ತಟ್ಟಿದ. ಮೇಷ್ಟ್ರು, ಹುಡುಗ ನಮ್ಮ ಮನೆಯ ಭಾಗ್ಯ, ದೇವರು ಕೊಟ್ಟದ್ದು ಎಂದು ನಾಲ್ಕು ಜನ ಕೇಳುವಂತೆ ಹೇಳಿದರು. ದೀಪಶ್ರೀ ಮುಂದೆ ಬಂದರು. ಬಗ್ಗಿ, ನಾಯಿಯ ಕುತ್ತಿಗೆಯ ಪಟ್ಟಿಯ ಒಳಗಿನಿಂದ ಅಂಗಿಯ ಗುಂಡಿಯಷ್ಟು ದೊಡ್ಡದೊಂದು ವಸ್ತುವನ್ನು ಬಿಚ್ಚಿಕೊಂಡರು. ಆಮೇಲೆ ಮೊಬೈಲು ತೆಗೆದರು.

"ಬೆಳಿಗ್ಗೆ ಹೋಗೋ ಮುಂಚೆ ಇದನ್ನ ಕಟ್ಟಿದ್ದೆ. ನಾಯಿ ಎಲ್ಲಿ ಹೋದ್ರೂ ಇದ್ರಲ್ಲಿ ಕಾಣುತ್ತೆ. ಮಧ್ಯಾಹ್ನದಿಂದ ಕ್ಲಿನಿಕ್ಕಲ್ಲಿ ಕೂತು ನೋಡ್ತಿದ್ದೀನಿ. ದುರ್ಗಿಗುಡಿ ಕಡೆ ಇದು ಮುಖಾನೂ ಹಾಕಿಲ್ಲ."

ಮೊಬೈಲಿನಲ್ಲಿ ಒಂದು ನೀಲಿ ಗೆರೆ. ಸೋಗಾನೆಯಿಂದ ಹೊರಟು ನೇರ ಭದ್ರಾವತಿಗೆ ಹೋಗಿ, ಒಂದು ಬೀದಿಯ ಒಂದು ಮನೆಯ ಮೇಲೆ ಗಂಟು ಬಿದ್ದು, ಅದೇ ದಾರಿಯಲ್ಲಿ ವಾಪಸು ಬಂದಿತ್ತು.

"ಇದು ನಿಮ್ಮಮ್ಮನ ಮನೆ ತಾನೇ? ಹೋದ ವರ್ಷ ಜ್ವರ ಬಂದಾಗ ನಾನೇ ಬಂದು ಡ್ರಿಪ್ ಹಾಕಿದ್ದೆನಲ್ಲ." ಅವರ ದನಿ ಏರಲಿಲ್ಲ. "ಅಮ್ಮನಿಗೆ ನಾಯಿ ಬೇಕು ಅಂದಿದ್ರೆ ನಾನೇ ಒಂದು ಮರಿ ತಂದ್ಕೊಡ್ತಿರಲಿಲ್ವಾ? ನಮ್ಮಪ್ಪ ಬಿಸಿಲಲ್ಲಿ ಬೀದಿ ಬೀದಿ ಹುಡುಕ್ತಾ ಇದ್ರೆ, ಪ್ರತಿ ವಾರ ಇದನ್ನ ಕದ್ದು ಸಾಗಿಸ್ತಿದ್ದವನು ನೀನೇನಾ?"

ಶಾಂತಮ್ಮನ ಕೈ ಗಾಳಿಯಲ್ಲೇ ನಿಂತಿತು. ಓಬಯ್ಯ ಆಟೋದ ಟೈರು ಒತ್ತಿ ಗಾಳಿ ಇದೆಯೇ ಎಂದು ಪರೀಕ್ಷಿಸತೊಡಗಿದ. ಮೇಷ್ಟ್ರು "ದೀಪಾ..." ಎಂದು ಬಾಯಿ ತೆರೆದರು. ಮಾತಿಗಿಂತ ಮೊದಲು ದೊಡ್ಡದೊಂದು ತೇಗು ಬಂತು. ಟವೆಲ್ಲಿನಿಂದ ಬಾಯಿ ಮುಚ್ಚಿಕೊಂಡರು.

ಮೇಷ್ಟ್ರನ್ನೇ ಕೇಳಿ ಅನ್ನುವ ಎರಡು ಮಾತು ಯುವರಾಜನ ನಾಲಿಗೆಯ ತುದಿಗೆ ಬಂದಿತ್ತು. ಅಷ್ಟು ಅಂದರೆ ಕೆಲಸ ಉಳಿಯುತ್ತಿತ್ತು. ಆದರೆ ಹಾಗಂದರೆ ನಾಳೆಯಿಂದ ಆ ಗೇಟು ಮುದುಕರಿಗೆ ತೆರೆಯುತ್ತಿರಲಿಲ್ಲ. ದುರ್ಗಮ್ಮ ಯಾರಿಗೆಂದು ಸಾಂಬಾರು ಕುದಿಸಬೇಕು?

"ಕೇಳ್ತಿದ್ದೀನಲ್ಲ ಯುವರಾಜ, ಹೇಳು," ಎಂದರು ದೀಪಶ್ರೀ.

ಅವನು ಮೊಪೆಡ್ಡಿನ ಕೀಲಿಯನ್ನು ಮೇಷ್ಟ್ರ ಅಂಗೈಯಲ್ಲಿಟ್ಟು, ಬೆರಳುಗಳನ್ನು ತಾನೇ ಮಡಚಿ ಮುಚ್ಚಿದ. ಆಮೇಲೆ ಭದ್ರಾವತಿಯ ರಸ್ತೆ ಹಿಡಿದು ನಡೆದ.